ಪಾಲು ಯಾರಿಗೆ ಮಾರಬೇಕು? ಮೈಂಡ್‌ಟ್ರೀ ಜಗಳ ಮತ್ತು ಷೇರು ಮಾರಾಟದ ಕಾನೂನು

ಹೊಲದ ಹಿಸ್ಸೆ ಮಾರುವ ಜಗಳ ಯಾದಗಿರಿ, ಶಹಾಪುರ, ಸುರಪುರದ ಕಡೆ ಯಾರಿಗೂ ಹೊಸದಲ್ಲ. ಒಬ್ಬ ತಮ್ಮ ಬೆಂಗಳೂರು ಸೇರಿರ್ತಾನೆ, ಸಾಲ ಆಗಿರುತ್ತೆ, ತನ್ನ ಪಾಲಿನ ಎರಡು ಎಕರೆ ಮಾರಬೇಕು ಅಂತಾನೆ. ಊರಲ್ಲಿ ಉಳಿದ ಅಣ್ಣ, "ಮಾರೂದಿದ್ರ ನನಗ ಕೊಡು, ಹೊರಗಿನವ್ರಿಗೆ ಯಾಕ ಕೊಡ್ತಿ?" ಅಂತಾನೆ. ರೇಟು ಮಾತ್ರ ಹೊರಗಿನವನೇ ಜಾಸ್ತಿ ಹೇಳಿರ್ತಾನೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಹೊಲವಾದರೆ ಜಗಳ ಇನ್ನೂ ಜೋರು.

ಇದೇ ಜಗಳ 2019ರಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೋಟಿ ರೂಪಾಯಿ ಲೆಕ್ಕದಲ್ಲಿ ನಡೆಯಿತು. ಹೊಲದ ಜಾಗದಲ್ಲಿ ಮೈಂಡ್‌ಟ್ರೀ ಎಂಬ ಐಟಿ ಕಂಪನಿ. ಪಾಲು ಮಾರಲು ಹೊರಟವರು ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ. ಬೇಡ ಅಂದವರು ಕಂಪನಿ ಕಟ್ಟಿದ ಸ್ಥಾಪಕರು. ಕೊಳ್ಳಲು ಬಂದ ಹೊರಗಿನವರು ಲಾರ್ಸನ್ ಅಂಡ್ ಟೂಬ್ರೊ, ಅಂದರೆ ಎಲ್‌ ಅಂಡ್‌ ಟಿ. ಅಲ್ಪಪಾಲು ಮಾರಾಟದ ಬಗ್ಗೆ ಕಾನೂನು ಏನು ಹೇಳುತ್ತೆ, ಏನು ಹೇಳೋದಿಲ್ಲ ಅಂತ ಅರ್ಥ ಮಾಡಿಕೊಳ್ಳೋಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ. ಡಿಮ್ಯಾಟ್ ಖಾತೆ ತೆರೆದು ಫೋನಿನಲ್ಲೇ ಹತ್ತು ಷೇರು ಕೊಂಡವರಿಗೂ, 371-ಜೆ ಅಡಿ ಎಂಜಿನಿಯರಿಂಗ್ ಸೀಟು ಪಡೆದು ಓದಿ ಬೆಂಗಳೂರಿನ ಬಸ್ಸು ಹತ್ತಿದವರಿಗೂ ಈ ಕಾನೂನು ನೇರವಾಗಿ ಸಂಬಂಧಪಟ್ಟದ್ದು.

ಏನಾಯಿತು?

ಮೈಂಡ್‌ಟ್ರೀ ಶುರುವಾಗಿದ್ದು 1999ರಲ್ಲಿ. ವಿಪ್ರೊ ಮತ್ತಿತರ ಕಂಪನಿಗಳಿಂದ ಹೊರಬಂದ ಹತ್ತು ಮಂದಿ ಸೇರಿ ಕಟ್ಟಿದ್ದು. ಅಶೋಕ್ ಸೂತಾ, ಸುಬ್ರತೊ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್, ಎನ್.ಎಸ್. ಪಾರ್ಥಸಾರಥಿ, ರೋಸ್ಟೊ ರಾವಣನ್ ಇವರೆಲ್ಲ ಆ ತಂಡದವರು. ಆರಂಭದಲ್ಲೇ ಹಣ ಹಾಕಿದವರಲ್ಲಿ ಸಿದ್ಧಾರ್ಥ ಒಬ್ಬರು. 2007ರಲ್ಲಿ ಕಂಪನಿ ಷೇರುಪೇಟೆಗೆ ಬಂತು, ಆಗ ಒಂದು ಷೇರಿಗೆ 425 ರೂಪಾಯಿ. 2011ರಲ್ಲಿ ಸೂತಾ ಹೊರಹೋಗಿ ಹ್ಯಾಪಿಯೆಸ್ಟ್ ಮೈಂಡ್ಸ್ ಶುರು ಮಾಡಿದರು.

2019ರ ಹೊತ್ತಿಗೆ ಲೆಕ್ಕ ಹೀಗಿತ್ತು: ಸಿದ್ಧಾರ್ಥ ಮತ್ತು ಅವರ ಕಾಫಿ ಡೇ ಕಂಪನಿಗಳ ಬಳಿ ಒಟ್ಟು ಶೇ 20.32 ಷೇರು. ಸ್ಥಾಪಕರೆಲ್ಲರ ಬಳಿ ಸೇರಿ ಶೇ 13.32. ಉಳಿದದ್ದು ಮ್ಯೂಚುವಲ್ ಫಂಡುಗಳು, ವಿದೇಶಿ ಹೂಡಿಕೆದಾರರು ಮತ್ತು ಸಣ್ಣ ಷೇರುದಾರರ ಕೈಯಲ್ಲಿ. ಗಮನಿಸಿ, ಇಲ್ಲಿ ಯಾರಿಗೂ ಬಹುಮತ ಇರಲಿಲ್ಲ. ಕಂಪನಿ ನಡೆಸುತ್ತಿದ್ದವರು ಶೇ 13ರವರು, ಅತಿ ದೊಡ್ಡ ಪಾಲು ಇದ್ದದ್ದು ದಿನನಿತ್ಯದ ಕೆಲಸಕ್ಕೆ ಕೈಹಾಕದ ಶೇ 20ರವರ ಬಳಿ. ಇಪ್ಪತ್ತು ವರ್ಷ ಈ ಹೊಂದಾಣಿಕೆ ನಡೆದುಕೊಂಡು ಬಂತು. ಅಷ್ಟೇ ಅಲ್ಲ, ಮೈಂಡ್‌ಟ್ರೀ ಕಚೇರಿ ಇದ್ದ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಕೂಡ ಸಿದ್ಧಾರ್ಥ ಅವರ ಸಮೂಹದ್ದೇ. ಒಂಥರಾ ಬಂಡವಾಳ ಹಾಕಿದವನೇ ಮನೆ ಮಾಲೀಕ.

ಕಾಫಿ ಡೇ ಸಮೂಹದ ಮೇಲೆ ಸಾಲದ ಹೊರೆ ಏರುತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ದಾಳಿ ನಡೆಸಿತ್ತು. 2019ರ ಜನವರಿಯಲ್ಲಿ ಇಲಾಖೆ ಸಿದ್ಧಾರ್ಥ ಬಳಗದ ಮೈಂಡ್‌ಟ್ರೀ ಷೇರುಗಳಲ್ಲಿ ಒಂದು ಭಾಗವನ್ನು ಜಪ್ತಿ ಮಾಡಿತು. ಅವುಗಳ ಬದಲಿಗೆ ಕಾಫಿ ಡೇ ಷೇರುಗಳನ್ನು ಇಟ್ಟ ಮೇಲೆ ಅವು ಬಿಡುಗಡೆಯಾದವು. ಮಾರಾಟಕ್ಕೆ ದಾರಿ ತೆರೆಯಿತು.

2019ರ ಮಾರ್ಚ್ 18ರಂದು ಎಲ್‌ ಅಂಡ್‌ ಟಿ ಒಪ್ಪಂದಕ್ಕೆ ಸಹಿ ಹಾಕಿತು. ಷೇರಿಗೆ 980 ರೂಪಾಯಿ, ಒಟ್ಟು ಸುಮಾರು 3,269 ಕೋಟಿ. ಆ ದಿನದ ಮಾರುಕಟ್ಟೆ ದರಕ್ಕಿಂತ ಸ್ವಲ್ಪವೇ ಹೆಚ್ಚು. ಅದರ ಜೊತೆಗೇ ಇನ್ನೆರಡು ಹೆಜ್ಜೆ: ಮಾರುಕಟ್ಟೆಯಲ್ಲಿ ಶೇ 15ರವರೆಗೆ ಖರೀದಿ, ಮೇಲೆ ಶೇ 31ಕ್ಕೆ ಮುಕ್ತ ಕೊಡುಗೆ. ಎಲ್ಲ ಸೇರಿದರೆ ಶೇ 66, ಖರ್ಚು ಸುಮಾರು 10,800 ಕೋಟಿ.

ಸ್ಥಾಪಕರು ಮರುದಿನವೇ ಇದನ್ನು ಬಲವಂತದ ಸ್ವಾಧೀನ ಎಂದು ಕರೆದರು. ಒಡಿಶಾ ಸರ್ಕಾರದ ಕೌಶಲಾಭಿವೃದ್ಧಿ ಪ್ರಾಧಿಕಾರದ ಹೊಣೆ ಹೊತ್ತಿದ್ದ ಬಾಗ್ಚಿ ಅದನ್ನು ಬಿಟ್ಟು ಬೆಂಗಳೂರಿಗೆ ಬಂದರು. ಅವರ ವಾದ ಎರಡು. ಒಂದು, ಮೈಂಡ್‌ಟ್ರೀಗೆ ಒಂದು ಸಂಸ್ಕೃತಿ ಇದೆ, ದೊಡ್ಡ ಸಮೂಹದೊಳಗೆ ಅದು ಸತ್ತುಹೋಗುತ್ತೆ. ಎರಡು, ಎಲ್‌ ಅಂಡ್‌ ಟಿ ಬಳಿ ಆಗಲೇ ಎಲ್‌ ಅಂಡ್‌ ಟಿ ಇನ್ಫೊಟೆಕ್ ಎಂಬ ಐಟಿ ಕಂಪನಿ ಇದೆ, ಇನ್ನೊಂದನ್ನು ಕೊಳ್ಳುವುದರಿಂದ ಷೇರುದಾರರಿಗೆ ಲಾಭವಿಲ್ಲ. ಎಲ್‌ ಅಂಡ್‌ ಟಿ ಉತ್ತರ ಸರಳವಾಗಿತ್ತು: ಸಿದ್ಧಾರ್ಥ ಅವರೇ ನಮ್ಮ ಹತ್ತಿರ ಬಂದರು, ಮಾರುವವರು ಇದ್ದಾರೆ, ಕೊಳ್ಳುತ್ತಿದ್ದೇವೆ. ಕಂಪನಿಯನ್ನು ಪ್ರತ್ಯೇಕವಾಗಿಯೇ ನಡೆಸುತ್ತೇವೆ ಅಂತಲೂ ಹೇಳಿದರು.

ಸ್ಥಾಪಕರ ಕೈಯಲ್ಲಿ ಏನಿತ್ತು?

ಇಲ್ಲೇ ನಿಜವಾದ ಪ್ರಶ್ನೆ. ಹೊಲದ ಅಣ್ಣನಿಗೆ ಕಾನೂನಿನಲ್ಲಿ ಒಂದು ಆಸರೆ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ಒಂದನೇ ವರ್ಗದ ವಾರಸುದಾರರಿಗೆ (ಮಕ್ಕಳು, ಹೆಂಡತಿ, ತಾಯಿ ಹೀಗೆ) ಒಟ್ಟಾಗಿ ಬಂದಿದ್ದು, ಅವರಲ್ಲೊಬ್ಬರು ತಮ್ಮ ಪಾಲು ಮಾರಲು ಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದ್ದು. ರೇಟು ಒಪ್ಪಂದಕ್ಕೆ ಬರದಿದ್ದರೆ ಕೋರ್ಟು ನಿಗದಿ ಮಾಡುತ್ತೆ. ಕೃಷಿಭೂಮಿಗೆ ಇದು ಅನ್ವಯಿಸುತ್ತಾ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯ ಇತ್ತು. 2019ರ ಮಾರ್ಚ್ 7ರಂದು ಬಾಬು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೌದು, ಅನ್ವಯಿಸುತ್ತೆ ಅಂದಿತು. ಮೈಂಡ್‌ಟ್ರೀ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಾಗಿ ಹನ್ನೊಂದೇ ದಿನಕ್ಕೆ. (ವಾಟ್ನಿ ಆಗಿ ಪಹಣಿ ಬೇರೆ ಬೇರೆ ಆದಮೇಲೆ ಈ ಹಕ್ಕು ಹಿಡಿದು ಕೂರಲು ಆಗಲ್ಲ ಅನ್ನೋದೂ ನೆನಪಿರಲಿ.)

ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಸಹ-ಷೇರುದಾರನಿಗೆ ಇಂಥ ಯಾವ ಹಕ್ಕೂ ತಾನಾಗಿ ಬರೋದಿಲ್ಲ. 2013ರ ಕಂಪನಿ ಕಾಯ್ದೆಯ 58(2) ಸೆಕ್ಷನ್ ಪ್ರಕಾರ ಪಬ್ಲಿಕ್ ಕಂಪನಿಯ ಷೇರು ಯಾವ ತಡೆಯೂ ಇಲ್ಲದೆ ಕೈಬದಲಾಗುವಂಥದ್ದು. ಕಂಪನಿ ಕಟ್ಟಿದವರು ನೀವು ಅನ್ನುವ ಕಾರಣಕ್ಕೆ, ಇಪ್ಪತ್ತು ವರ್ಷ ಬೆವರು ಹರಿಸಿದ್ದೀರಿ ಅನ್ನುವ ಕಾರಣಕ್ಕೆ, ಪಕ್ಕದವನ ಷೇರಿನ ಮೇಲೆ ನಿಮಗೆ ಹಕ್ಕು ಹುಟ್ಟಲ್ಲ.

ಆದರೆ ಅದೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಬಾಗಿಲು ಇದೆ. ಇಬ್ಬರು ಅಥವಾ ಹೆಚ್ಚು ಮಂದಿ ಷೇರುದಾರರು ತಮ್ಮ ನಡುವೆ ಕರಾರು ಮಾಡಿಕೊಂಡಿದ್ದರೆ ಆ ಕರಾರು ಜಾರಿಯಾಗುತ್ತೆ. "ನೀನು ಮಾರುವ ಮೊದಲು ನನ್ನನ್ನು ಕೇಳಬೇಕು" ಅಂತ ಬರೆದುಕೊಂಡಿದ್ದರೆ ಅದಕ್ಕೆ ಬೆಲೆ ಇದೆ. ಇದಕ್ಕೆ ಕಾರ್ಪೊರೇಟ್ ಭಾಷೆಯಲ್ಲಿ ರೈಟ್ ಆಫ್ ಫಸ್ಟ್ ರೆಫ್ಯೂಸಲ್ ಅಂತಾರೆ. 2013ರ ಅಕ್ಟೋಬರ್‌ನಲ್ಲಿ ಸೆಬಿ ಕೂಡ ಅಧಿಸೂಚನೆ ಹೊರಡಿಸಿ ಇಂಥ ಕರಾರುಗಳಿಗೆ ಒಪ್ಪಿಗೆ ಕೊಟ್ಟಿತು.

ಸ್ಥಾಪಕರು ಜನರ ಮುಂದೆ ಇಟ್ಟದ್ದು ಸಂಸ್ಕೃತಿಯ ಮಾತನ್ನು, ನೌಕರರ ಮಾತನ್ನು, ಭಾವನೆಯ ಮಾತನ್ನು. ಸಿದ್ಧಾರ್ಥ ಅವರ ಮಾರಾಟವನ್ನು ತಡೆಯುವ ಮೊದಲ ಹಕ್ಕನ್ನು ಮುಂದಿಟ್ಟು ನಡೆಸಿದ ಹೋರಾಟ ಅದಾಗಿರಲಿಲ್ಲ. ನನಗೆ ಅವರ ನೋವು ಅರ್ಥವಾಗುತ್ತೆ. ಆದರೆ ಶೇ 13 ಇಟ್ಟುಕೊಂಡು ಶೇ 20ರವನ ಸ್ನೇಹದ ಮೇಲೆ ಕಂಪನಿಯ ಸ್ವಾತಂತ್ರ್ಯ ನಿಲ್ಲಿಸಿದ್ದು ಅವರದ್ದೇ ಆಯ್ಕೆ. ಷೇರುಪೇಟೆಗೆ ಹೋಗಿ ಸಾರ್ವಜನಿಕರ ದುಡ್ಡು ತಗೊಂಡ ಮೇಲೆ 'ಇದು ನಮ್ಮ ಮನೆ' ಅನ್ನೋಕೆ ಬರಲ್ಲ.

ಅವರ ಮುಂದಿದ್ದ ಒಂದು ಅಸ್ತ್ರ ಷೇರು ಮರುಖರೀದಿ. ಕಂಪನಿಯೇ ತನ್ನ ದುಡ್ಡಲ್ಲಿ ತನ್ನ ಷೇರುಗಳನ್ನು ವಾಪಸ್ ಕೊಂಡರೆ ಬೆಲೆ ಏರುತ್ತೆ, 980ಕ್ಕೆ ಯಾರೂ ಕೊಡಲ್ಲ ಅನ್ನುವ ಲೆಕ್ಕ. ಮಾರ್ಚ್ 20ರಂದು ಆಡಳಿತ ಮಂಡಳಿ ಸೇರಿತು, ನಿರ್ಧಾರ ಮುಂದೂಡಿತು, 26ರಂದು ಕೈಬಿಟ್ಟಿತು. ಕಾರಣ ಊಹಿಸೋದು ಕಷ್ಟವಲ್ಲ. ಸೆಬಿಯ 2011ರ ಸ್ವಾಧೀನ ನಿಯಮಗಳಲ್ಲಿ, ಒಬ್ಬರು ಕೊಡುಗೆ ಘೋಷಿಸಿದ ಮೇಲೆ ಆಡಳಿತ ಮಂಡಳಿ ತನ್ನಿಷ್ಟಕ್ಕೆ ಮರುಖರೀದಿ ಮಾಡುವಂತಿಲ್ಲ, ಷೇರುದಾರರ ವಿಶೇಷ ನಿರ್ಣಯ ಬೇಕು. ವಿಶೇಷ ನಿರ್ಣಯ ಅಂದರೆ ಚಲಾವಣೆಯಾದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು. ಎದುರಿಗೆ ಶೇ 20 ಇರುವವನು ಕೂತಿರುವಾಗ ಆ ಸಂಖ್ಯೆ ಎಲ್ಲಿಂದ ತರೋದು?

ಅಲ್ಪಪಾಲಿನ ಬಲ ಇರೋದು ಇಲ್ಲೇ. ಶೇ 25ಕ್ಕಿಂತ ಹೆಚ್ಚು ಮತ ಇದ್ದವರು ಏನನ್ನೂ ಒಬ್ಬರೇ ಮಾಡಿಸಲಾರರು, ಆದರೆ ಬೇಡ ಅಂದದ್ದನ್ನು ತಡೆಯಬಲ್ಲರು. ಶೇ 10 ಇದ್ದವರು ಬಹುಮತದವರ ದಬ್ಬಾಳಿಕೆ ವಿರುದ್ಧ 241ನೇ ಸೆಕ್ಷನ್ ಅಡಿ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಹಾಗಾಗಿಯೇ 'ಅಲ್ಪಪಾಲು' ಅನ್ನುವ ಪದ ಮೋಸ ಮಾಡುತ್ತೆ. ಚದುರಿಹೋದ ಷೇರುದಾರರ ಕಂಪನಿಯಲ್ಲಿ ಶೇ 20 ಅಂದರೆ ಮನೆಯ ಬೀಗದ ಕೈ.

ಸಣ್ಣವರಿಗೆ ಸಿಕ್ಕಿದ್ದು

ಸೆಬಿ ನಿಯಮ ಸಣ್ಣ ಷೇರುದಾರನಿಗೆ ಕೊಡುವುದು ಒಂದೇ, ಆದರೆ ಅದು ದೊಡ್ಡದು: ಹೊರಹೋಗುವ ದಾರಿ. ಯಾರಾದರೂ ಶೇ 25 ದಾಟುವಷ್ಟು ಷೇರು ಕೊಳ್ಳಲು ಹೊರಟರೆ, ಉಳಿದವರಿಗೂ ಕನಿಷ್ಠ ಶೇ 26ರಷ್ಟು ಷೇರಿಗೆ ಮುಕ್ತ ಕೊಡುಗೆ ಕೊಡಲೇಬೇಕು. ದೊಡ್ಡವನಿಗೆ ಕೊಟ್ಟದ್ದಕ್ಕಿಂತ ಕಡಿಮೆ ಬೆಲೆ ಕೊಡುವಂತಿಲ್ಲ. ಸಿದ್ಧಾರ್ಥ ಅವರಿಗೆ 980 ಆದರೆ ಹತ್ತು ಷೇರು ಇಟ್ಟುಕೊಂಡ ಶಹಾಪುರದ ಹುಡುಗನಿಗೂ 980. ಹೊಲದ ವ್ಯವಹಾರದಲ್ಲಿ ಇಂಥದ್ದೊಂದು ನಿಯಮ ಇಲ್ಲ. ಕಾಲುವೆ ಪಕ್ಕದ ಎಕರೆಗೆ ಒಂದು ರೇಟು, ಹಿಂದಿನ ಎಕರೆಗೆ ಇನ್ನೊಂದು.

ಮುಕ್ತ ಕೊಡುಗೆ ಜೂನ್ 17ರಿಂದ 28ರವರೆಗೆ ನಡೆಯಿತು. ಅಪೂರ್ವ ಪುರೋಹಿತ್ ನೇತೃತ್ವದ ಸ್ವತಂತ್ರ ನಿರ್ದೇಶಕರ ಸಮಿತಿ ಬೆಲೆ ನ್ಯಾಯಯುತ ಎಂದಿತು. ಶೇ 10ಕ್ಕೂ ಹೆಚ್ಚು ಪಾಲಿದ್ದ ನಳಂದ ಕ್ಯಾಪಿಟಲ್ ತನ್ನ ಷೇರು ಕೊಟ್ಟುಬಿಟ್ಟಿತು. ಅಲ್ಲಿಗೆ ಆಟ ಮುಗಿಯಿತು. ಎಲ್‌ ಅಂಡ್‌ ಟಿ ಪಾಲು ಶೇ 60.06ಕ್ಕೆ ಏರಿತು. ಜುಲೈ ಮೊದಲ ವಾರದಲ್ಲಿ ನಟರಾಜನ್, ರಾವಣನ್, ಪಾರ್ಥಸಾರಥಿ ಮೂವರೂ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ಕಾಗ್ನಿಜೆಂಟ್‌ನಿಂದ ಬಂದ ದೇಬಶಿಸ್ ಚಟರ್ಜಿ ಸಿಇಒ ಆದರು.

ಈ ನಡುವೆ, ಜುಲೈ 29ರ ಸಂಜೆ, ಉಳ್ಳಾಲದ ನೇತ್ರಾವತಿ ಸೇತುವೆ ಬಳಿ ಸಿದ್ಧಾರ್ಥ ಕಾಣೆಯಾದರು. 31ರಂದು ಅವರ ಮೃತದೇಹ ಸಿಕ್ಕಿತು. ಅವರದ್ದೆಂದು ಹೇಳಲಾದ ಪತ್ರದಲ್ಲಿ ಮೈಂಡ್‌ಟ್ರೀ ಷೇರು ಜಪ್ತಿಯ ಪ್ರಸ್ತಾಪ ಇತ್ತು. ಆದಾಯ ತೆರಿಗೆ ಇಲಾಖೆ ಆರೋಪವನ್ನು ತಳ್ಳಿಹಾಕಿತು. ಷೇರು ಮಾರಾಟದ ಜಗಳ ಅಂದಾಗ ನಾವು ಕೊಳ್ಳುವವರು, ತಡೆಯುವವರ ಕಡೆ ಮಾತ್ರ ನೋಡ್ತೀವಿ. ಮಾರುವವನು ಯಾಕೆ ಮಾರುತ್ತಿದ್ದಾನೆ ಅಂತ ಕೇಳೋರು ಕಡಿಮೆ. ಇಲ್ಲೂ ಹೊಲದ ಕಥೆಯೇ. ಪಾಲು ಮಾರುವವನ ಹಿಂದೆ ಬಹಳ ಸಲ ಒಂದು ಸಾಲ ಇರುತ್ತೆ.

ಆಮೇಲೆ?

ಪ್ರತ್ಯೇಕವಾಗಿ ನಡೆಸುತ್ತೇವೆ ಎಂದ ಮಾತು ಮೂರು ವರ್ಷ ಬಾಳಿತು. 2022ರ ಮೇ 6ರಂದು ವಿಲೀನ ಘೋಷಣೆಯಾಯಿತು, ನವೆಂಬರ್ 14ಕ್ಕೆ ಜಾರಿಗೆ ಬಂತು. 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ ಅಂಡ್‌ ಟಿ ಇನ್ಫೊಟೆಕ್ ಷೇರು. ಹೊಸ ಕಂಪನಿ ಎಲ್‌ಟಿಐಮೈಂಡ್‌ಟ್ರೀ, ನೋಂದಾಯಿತ ಕಚೇರಿ ಮುಂಬೈ. ಸ್ಥಾಪಕರು ಹೆದರಿದ್ದು ನಿಜವಾಯಿತು ಅನ್ನಬಹುದು.

ಇನ್ನೊಂದು ಕಡೆಯ ಲೆಕ್ಕವನ್ನೂ ಮುಚ್ಚಿಡಬಾರದು. 2018-19ರಲ್ಲಿ ಮೈಂಡ್‌ಟ್ರೀ ಆದಾಯ ಸುಮಾರು 7,021 ಕೋಟಿ, 2021-22ರಲ್ಲಿ ಸುಮಾರು 10,525 ಕೋಟಿ. 980ಕ್ಕೆ ಕೊಟ್ಟ ಷೇರು 2021ರ ಕೊನೆಗೆ 4,000 ದಾಟಿತ್ತು. ಕೋವಿಡ್ ಕಾಲದಲ್ಲಿ ಐಟಿ ಷೇರುಗಳೆಲ್ಲ ಏರಿದವು, ಅದರ ಪೂರ್ತಿ ಶ್ರೇಯ ಎಲ್‌ ಅಂಡ್‌ ಟಿಗೆ ಕೊಡಬೇಕಿಲ್ಲ. ಆದರೂ ಕಂಪನಿ ಹಾಳಾಯಿತು ಅಂತ ಯಾರೂ ಹೇಳೋಕಾಗಲ್ಲ.

ಇಡೀ ಪ್ರಕರಣದಲ್ಲಿ ಮಾತೇ ಇಲ್ಲದವರು ಸುಮಾರು 20,000 ನೌಕರರು. ಸ್ಥಾಪಕರು ಅವರ ಹೆಸರು ಹೇಳಿ ವಾದಿಸಿದರು, ಎಲ್‌ ಅಂಡ್‌ ಟಿ ಅವರಿಗೆ ಭರವಸೆ ಕೊಟ್ಟಿತು. ಅವರನ್ನು ಯಾರೂ ಕೇಳಲಿಲ್ಲ, ಕೇಳಬೇಕು ಅಂತ ಕಾನೂನೂ ಹೇಳಲ್ಲ. ಸ್ವಾಧೀನ ನಿಯಮಗಳು ಷೇರಿನ ಬೆಲೆಯನ್ನು ಕಾಪಾಡುತ್ತವೆ. ಕೆಲಸವನ್ನಲ್ಲ, ಊರನ್ನಲ್ಲ, ಕಂಪನಿಯ ಸ್ವಭಾವವನ್ನಲ್ಲ. ಜರ್ಮನಿಯಲ್ಲಿ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ನೌಕರರ ಪ್ರತಿನಿಧಿಗಳಿಗೆ. ನಮ್ಮಲ್ಲಿ ಸಂವಿಧಾನದ 43-ಎ ವಿಧಿ ಕೈಗಾರಿಕೆಗಳ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಯ ಬಗ್ಗೆ ಮಾತಾಡುತ್ತೆ. ಅದು ನಿರ್ದೇಶಕ ತತ್ವಗಳ ಭಾಗ, ಹಾಗಾಗಿ ಪುಸ್ತಕದಲ್ಲೇ ಇದೆ.

ಸರ್ಕಾರವೇ ಅಲ್ಪಪಾಲುದಾರ ಆದಾಗ

ಉಳಿದ ಪಾಲಿನ ಜಗಳದಲ್ಲಿ ದೇಶದ ದೊಡ್ಡ ಪ್ರಕರಣಗಳು ನಡೆದದ್ದು ಕೇಂದ್ರ ಸರ್ಕಾರ ಮತ್ತು ವೇದಾಂತ ಸಮೂಹದ ನಡುವೆ. 2001ರಲ್ಲಿ ವಾಜಪೇಯಿ ಸರ್ಕಾರ ಛತ್ತೀಸಗಢದ ಬಾಲ್ಕೊ ಅಲ್ಯೂಮಿನಿಯಂ ಕಂಪನಿಯ ಶೇ 51ನ್ನು 551.5 ಕೋಟಿಗೆ ಸ್ಟರ್ಲೈಟ್‌ಗೆ ಮಾರಿತು. ಮೂರು ವರ್ಷದ ನಂತರ ಉಳಿದ ಪಾಲನ್ನೂ ಕೊಳ್ಳುವ ಹಕ್ಕು ಸ್ಟರ್ಲೈಟ್‌ಗೆ ಇದೆ ಅಂತ ಕರಾರಿನಲ್ಲಿ ಬರೆದಿತ್ತು. 2004ರಲ್ಲಿ ಸ್ಟರ್ಲೈಟ್ ಕೇಳಿತು. ಸರ್ಕಾರ ತಕರಾರು ತೆಗೆಯಿತು: ಪಬ್ಲಿಕ್ ಕಂಪನಿಯ ಷೇರು ಮುಕ್ತವಾಗಿ ಕೈಬದಲಾಗಬೇಕು ಅಂತ ಆಗಿನ ಕಾಯ್ದೆ ಹೇಳುತ್ತೆ, ಆದ್ದರಿಂದ ನಾವೇ ಸಹಿ ಹಾಕಿದ ಆ ಷರತ್ತು ನಡೆಯಲ್ಲ! 2011ರಲ್ಲಿ ಮಧ್ಯಸ್ಥಿಕೆ ಮಂಡಳಿ 2-1 ಬಹುಮತದಿಂದ ಸ್ಟರ್ಲೈಟ್ ವಿರುದ್ಧ ತೀರ್ಪು ಕೊಟ್ಟಿತು. ಕರಾರು ನಡೆಯುತ್ತೆ ಎಂಬ ಆ ಸಣ್ಣ ಬಾಗಿಲು 2013ರ ಕಾಯ್ದೆಗೆ ಬಂದದ್ದು ಇಂಥ ಗೊಂದಲಗಳ ನಂತರ.

ಹಿಂದೂಸ್ತಾನ್ ಜಿಂಕ್ ಕಥೆ ಇನ್ನೂ ಮಜಾ. ಅಲ್ಲಿ ಸರ್ಕಾರದ ಬಳಿ ಉಳಿದದ್ದು ಶೇ 29.54. ಸರ್ಕಾರಿ ಉದ್ಯಮಗಳ ಅಧಿಕಾರಿಗಳ ಒಕ್ಕೂಟ ಕೋರ್ಟಿಗೆ ಹೋಗಿದ್ದರಿಂದ 2016ರಲ್ಲಿ ಸುಪ್ರೀಂ ಕೋರ್ಟ್ ಮಾರಾಟಕ್ಕೆ ತಡೆ ಹಾಕಿತು. 2021ರ ನವೆಂಬರ್ 18ರಂದು ಉಳಿದ ಪಾಲನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರಬಹುದು ಎಂದಿತು, ಜೊತೆಗೇ 2002ರ ಮಾರಾಟದ ಬಗ್ಗೆ ಸಿಬಿಐ ಪ್ರಕರಣ ದಾಖಲಿಸಲು ಹೇಳಿತು. 2023ರಲ್ಲಿ ವೇದಾಂತ ತನ್ನ ವಿದೇಶಿ ಸತು ಗಣಿಗಳನ್ನು ಸುಮಾರು 298 ಕೋಟಿ ಡಾಲರಿಗೆ ಹಿಂದೂಸ್ತಾನ್ ಜಿಂಕ್‌ಗೇ ಮಾರಲು ಹೊರಟಿತು. ಅಂದರೆ ಒಂದು ಜೇಬಿನ ಸಾಮಾನನ್ನು ಇನ್ನೊಂದು ಜೇಬಿಗೆ ಮಾರಿ, ಇನ್ನೊಂದು ಜೇಬಿನ ನಗದು ತೆಗೆದುಕೊಳ್ಳುವ ಯೋಜನೆ. ಸರ್ಕಾರ ಅಲ್ಪಪಾಲುದಾರನಾಗಿ ವಿರೋಧಿಸಿತು, ಯೋಜನೆ ಬಿದ್ದುಹೋಯಿತು. ಇಂಥ ಒಳವ್ಯವಹಾರಕ್ಕೆ ಮತ ಹಾಕುವಾಗ ಸಂಬಂಧಪಟ್ಟ ದೊಡ್ಡ ಷೇರುದಾರ ಒಪ್ಪಿಗೆಯ ಮತ ಹಾಕುವಂತಿಲ್ಲ. ಉಳಿದವರ ಮತವೇ ಅಂತಿಮ. ಸರ್ಕಾರ ಆ ಶೇ 29 ಪಾಲನ್ನು ಬಜೆಟ್ ಕೊರತೆ ತುಂಬಲು ಮೊದಲೇ ಮಾರಿದ್ದರೆ ಈ ತಡೆ ಇರುತ್ತಿರಲಿಲ್ಲ. ಪಾಲು ಮಾರಾಟದ ಪರ-ವಿರೋಧ ಚರ್ಚೆಯಲ್ಲಿ ಎಷ್ಟು ದುಡ್ಡು ಬರುತ್ತೆ ಅಂತ ಮಾತ್ರ ಕೇಳುವವರು ಈ ಪ್ರಸಂಗವನ್ನು ಒಮ್ಮೆ ನೋಡಬೇಕು.

ನಿಮ್ಮ ಕೈಯಲ್ಲಿರುವ ಷೇರು

ಎಲ್ಲ ಕಂಪನಿಗಳೂ ಮೈಂಡ್‌ಟ್ರೀ ಥರ ಅಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಷೇರು ವರ್ಗಾವಣೆಗೆ ನಿರ್ಬಂಧ ಇರಲೇಬೇಕು ಅಂತ ಕಾನೂನೇ ಹೇಳುತ್ತೆ. ಏನು ನಿರ್ಬಂಧ ಅನ್ನೋದು ಆ ಕಂಪನಿಯ ನಿಯಮಾವಳಿಯಲ್ಲಿ, ಅಂದರೆ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ ಇರುತ್ತೆ. ಗೆಳೆಯರು ಸೇರಿ ಸ್ಟಾರ್ಟಪ್ ಮಾಡುವವರು ಲೋಗೊ ಡಿಸೈನ್‌ಗೆ ಕೊಡುವ ಸಮಯದ ಕಾಲುಭಾಗ ಇದಕ್ಕೆ ಕೊಟ್ಟರೂ ಸಾಕು. ಟ್ಯಾಗ್ ಅಲಾಂಗ್ ಷರತ್ತು ಇದ್ದರೆ ದೊಡ್ಡವನು ಮಾರುವಾಗ ಸಣ್ಣವನೂ ಅದೇ ಬೆಲೆಗೆ ಮಾರಬಹುದು. ಡ್ರ್ಯಾಗ್ ಅಲಾಂಗ್ ಇದ್ದರೆ ಉಲ್ಟಾ: ದೊಡ್ಡವನು ಮಾರಿದಾಗ ಸಣ್ಣವನಿಗೆ ಇಷ್ಟ ಇರಲಿ ಬಿಡಲಿ, ಅವನ ಷೇರೂ ಹೋಗುತ್ತೆ.

ತೊಗರಿ, ಹತ್ತಿ ಬೆಳೆಯುವ ನಮ್ಮ ಕಡೆ ರೈತ ಉತ್ಪಾದಕ ಕಂಪನಿಯ ಷೇರು ಪತ್ರ ಇರುವ ಮನೆಗಳಿವೆ. ಅಲ್ಲಿ ನಿಯಮ ಮೈಂಡ್‌ಟ್ರೀಗೆ ಪೂರ್ತಿ ವಿರುದ್ಧ. ಆ ಷೇರು ಹೊರಗಿನವರಿಗೆ ಮಾರುವಂತಿಲ್ಲ. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಇನ್ನೊಬ್ಬ ಸಕ್ರಿಯ ಸದಸ್ಯನಿಗೆ ಮಾತ್ರ, ಅದೂ ಮುಖಬೆಲೆಗೆ ಮಾತ್ರ ಕೊಡಬಹುದು. ರೈತ ಸದಸ್ಯರೇ ಇರುವ ಕಂಪನಿಯಲ್ಲಿ ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ಮತ. ಹಾಗಾಗಿ ಅದರೊಳಗೆ ಎಲ್‌ ಅಂಡ್‌ ಟಿ ಬರಲಾರದು. ನಿಮ್ಮ ಷೇರು ನಾಲ್ಕು ಪಟ್ಟು ಆಗಲೂ ಆಗದು. ಸದಸ್ಯರು ತೀರಿಕೊಂಡರೆ ಷೇರು ಹೋಗುವುದು ನಾಮಿನಿಗೆ. ಸದಸ್ಯರಾದ ಮೂರು ತಿಂಗಳೊಳಗೆ ನಾಮಿನಿಯ ಹೆಸರು ಬರೆದುಕೊಡಬೇಕು ಅಂತ ಕಾಯ್ದೆಯಲ್ಲಿದೆ. ಅಪ್ಪನ ಟ್ರಂಕಿನಲ್ಲಿರುವ ಆ ಪತ್ರ ತೆಗೆದು, ಹೆಸರು ಬರೆಸಿದ್ದಾರಾ ನೋಡಿ.